ಮೊದಲ ಗುಟುಕು ಅಕ್ಕನದು

ನಮ್ಮ ಶೆಡ್ಡಿನ ಕಪಾಟಿನಲ್ಲಿ ಅಕ್ಕ ಒಂದು ಕಂದು ಬಣ್ಣದ ಬಾಟಲಿಯಲ್ಲಿ ಇದ್ದಳು. ತಮಾಷೆಗೆ ಹೇಳುತ್ತಿಲ್ಲ. ಬಾಟಲಿಗೆ ಬಿಳಿ ಕಾಗದ ಅಂಟಿಸಿ, ನೀಲಿ ಶಾಯಿಯಲ್ಲಿ ನಾನೇ ‘ಅಕ್ಕ’ ಎಂದು ಬರೆದಿದ್ದೆ. ಉಳಿದ ಬಾಟಲಿಗಳ ಮೇಲೆಲ್ಲ ಗಿಡಗಳ ಉದ್ದುದ್ದ ಶಾಸ್ತ್ರೀಯ ಹೆಸರುಗಳಿದ್ದವು. ಇದರೊಳಗಿನ ಗಿಡ ಯಾವುದೆಂದು ನನಗೂ ಗೊತ್ತಿರಲಿಲ್ಲ, ನಮ್ಮ ಸರ್‌ಗೂ ಗೊತ್ತಿರಲಿಲ್ಲ. ಗೊತ್ತಿದ್ದವಳು ಸಂತೆಕಲ್ಲೂರಿನ ನನ್ನ ಅಕ್ಕ ಒಬ್ಬಳೇ, ಅವಳು ಹೇಳುವುದಿಲ್ಲ ಎಂದಿದ್ದಳು. ಹೆಸರಿಲ್ಲದ ಬಾಟಲಿ ಇಡಬಾರದು ಎಂದು ಸರ್ ಒಂದು ದಿನ ರೇಗಿದರು, ನಾನೂ ರೇಗಿ ಹಾಗೆ ಬರೆದುಬಿಟ್ಟೆ.

ಆಗ ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಲಿಂಗಸುಗೂರಿನಲ್ಲಿ ಒಂದು ಕಾಲೇಜಿನ ಹಿಂದೆ ತಗಡಿನ ಶೆಡ್ ಹಾಕಿ, ಅದನ್ನು ಪ್ರಯೋಗಶಾಲೆ ಎಂದು ಕರೆಯುತ್ತಿದ್ದರು. ಹಳ್ಳಿಗಳಲ್ಲಿ ನಾಟಿ ಔಷಧಿ ಕೊಡುವವರ ಬೇರು, ಸೊಪ್ಪು, ತೊಗಟೆಗಳ ಸಾರ ತೆಗೆದು, ಅದು ಕಿಡ್ನಿಗೆ ಕೆಡುಕು ಮಾಡುತ್ತದೆಯೋ ಇಲ್ಲವೋ ಎಂದು ನೋಡುವುದು ನಮ್ಮ ಕೆಲಸ. ರೋಗ ವಾಸಿಯಾಗುತ್ತದೆಯೇ ಎನ್ನುವುದು ಆಮೇಲಿನ ಮಾತು, ಕುಡಿದವನು ಕೆಡಬಾರದು ಎನ್ನುವುದು ಮೊದಲ ಮಾತು ಎಂದು ಸರ್ ಹೇಳುತ್ತಿದ್ದರು. ಸರ್ ಮಂಗಳೂರು ಕಡೆಯವರು. ನಮ್ಮ ಬಿಸಿಲು, ನಮ್ಮ ಖಾರ, ನಮ್ಮ ಮಾತು ಮೂರನ್ನೂ ಬೈದುಕೊಳ್ಳುತ್ತಲೇ ಇಲ್ಲಿ ಉಳಿದಿದ್ದರು. ನಾನು ಅವರ ಕೈಕೆಳಗೆ ಸಂಶೋಧನೆ ಮಾಡುವವನು, ಇಲಿಗಳಿಗೆ ಕಾಳು ಹಾಕುವವನು, ಬೀಗ ತೆಗೆಯುವವನು, ಕಸ ಹೊಡೆಯುವವನು, ಎಲ್ಲವೂ.

ಬಿಳಿ ಇಲಿಗಳ ಪಂಜರಕ್ಕೆ ಅಡಿಯಲ್ಲಿ ಆಲಿಕೆ ಇರುತ್ತದೆ. ಇಲಿ ಹೊಯ್ದ ಉಚ್ಚೆ ಅದರಲ್ಲಿ ಇಳಿದು ಸೀಸೆಗೆ ಬೀಳುತ್ತದೆ. ಪ್ರತಿದಿನ ಬೆಳಿಗ್ಗೆ ಅದನ್ನು ಅಳೆದು ಬರೆಯಬೇಕು. ಈ ಸುದ್ದಿ ಊರಲ್ಲಿ ಹೇಗೋ ಹಬ್ಬಿ, ಖಾನಾವಳಿಯಲ್ಲಿ ನನಗೆ ‘ಇಲಿ ಮಾಸ್ತರ’ ಎಂದು ಹೆಸರು ಬಿತ್ತು. ನಾನು ಕೂತ ಬೆಂಚಿನಲ್ಲಿ ಜಾಗ ಇದ್ದರೂ ಜನ ಪಕ್ಕದ ಬೆಂಚಿಗೆ ಹೋಗುತ್ತಿದ್ದರು. ಒಂದೆರಡು ಕಡೆ ಹೆಣ್ಣು ನೋಡಲು ಹೋದಾಗಲೂ ಹುಡುಗ ಏನು ಮಾಡುತ್ತಾನೆ ಎಂಬ ಪ್ರಶ್ನೆ ಬಂತು. ಹುಡುಗ ಇಲಿ ಉಚ್ಚೆ ಅಳೆಯುತ್ತಾನೆ ಎಂದು ತಿಳಿದ ಮೇಲೆ ಆ ಮನೆಯವರು ಉಪ್ಪಿಟ್ಟು ಮಾತ್ರ ಕೊಟ್ಟು ಕಳಿಸಿದರು. ಆಮೇಲೆ ನಾನು ಹೋಗುವುದನ್ನೇ ಬಿಟ್ಟೆ.

ಇಲಿಗಳಿಗೆ ರಜೆ ಇಲ್ಲ, ಆದ್ದರಿಂದ ನನಗೂ ಇರಲಿಲ್ಲ. ಹಬ್ಬದ ದಿನ ಊರೆಲ್ಲ ಹೋಳಿಗೆ ವಾಸನೆ ಹೊಡೆಯುವಾಗ ನಾನು ಶೆಡ್ಡಿನಲ್ಲಿ ಒಂದೊಂದೇ ಇಲಿಯ ಕುತ್ತಿಗೆ ಹಿಡಿದು, ಬಾಯಿಗೆ ಕೊಳವೆ ಇಟ್ಟು ಔಷಧಿ ಕುಡಿಸುತ್ತಿದ್ದೆ. ಇಡೀ ದಿನ ನನ್ನ ಬಾಯಿಂದ ಬರುತ್ತಿದ್ದ ಮಾತೆಂದರೆ ಇಲಿಗಳಿಗೆ ‘ಸುಮ್ಮನಿರು’ ಎನ್ನುವುದೊಂದೇ. ಬಾಡಿಗೆ ಖೋಲಿಗೆ ಬಂದು ಬೀಗ ತೆಗೆದರೆ ಬೆಳಿಗ್ಗೆ ಇಟ್ಟ ಲೋಟ ಇಟ್ಟಲ್ಲೇ ಇರುತ್ತಿತ್ತು. ಯಾರಾದರೂ ಅದನ್ನು ಸರಿಸಿದ್ದರೆ ಎಷ್ಟು ಚೆನ್ನಾಗಿತ್ತು ಎನ್ನಿಸುತ್ತಿತ್ತು. ಒಂಟಿತನ ಎಂದರೆ ನನಗೆ ಈಗಲೂ ಆ ಲೋಟವೇ ನೆನಪಿಗೆ ಬರುತ್ತದೆ.

ಅಪ್ಪ ಅವ್ವ ನಾನು ಸಣ್ಣವನಿದ್ದಾಗಲೇ ತೀರಿಕೊಂಡಿದ್ದರು. ಕುರಿ ಕಾಯ್ದು ನನ್ನನ್ನು ಸಾಕಿದವರು ಅಜ್ಜಿ ಮತ್ತು ಅಕ್ಕ. ಅಜ್ಜಿ ನಾಟಿ ಔಷಧಿಯನ್ನೂ ಕೊಡುತ್ತಿದ್ದಳು. ಅಕ್ಕನನ್ನು ಕಾಲುವೆ ನೀರಾವರಿ ಕಡೆಯ ಒಂದು ಊರಿಗೆ ಕೊಟ್ಟಿದ್ದರು. ಮದುವೆಯಾದ ಸ್ವಲ್ಪ ದಿನಕ್ಕೆ ಅವಳ ಗಂಡ ಸೊರಗತೊಡಗಿದ. ಉಂಡದ್ದು ನಿಲ್ಲುತ್ತಿರಲಿಲ್ಲ. ಔಷಧಿ ಗೊತ್ತಿದ್ದ ಮನೆಯ ಹುಡುಗಿ, ಗಂಡನಿಗೆ ಮದ್ದು ಹಾಕಿದ್ದಾಳೆ ಎಂದು ಅತ್ತೆ ಓಣಿಯ ತುಂಬ ಹೇಳಿಕೊಂಡು ಬಂದಳು. ನಮ್ಮ ಕಡೆ ಮದ್ದು ಎಂದರೆ ಔಷಧಿಯಲ್ಲ. ಊಟದಲ್ಲಿ ಗುಟ್ಟಾಗಿ ಕಲಸಿ ಹಾಕುವ ವಿಷ, ಮನುಷ್ಯನನ್ನು ಒಳಗೊಳಗೇ ತಿನ್ನುವಂಥದ್ದು. ಆ ಮಾತು ಒಮ್ಮೆ ಹೆಂಗಸಿನ ಮೇಲೆ ಬಿದ್ದರೆ ಅವಳು ಕೊಟ್ಟ ನೀರನ್ನೂ ಯಾರೂ ಕುಡಿಯುವುದಿಲ್ಲ. ಟ್ರಂಕಿನ ಜೊತೆ ಅಕ್ಕನನ್ನು ಬಸ್ಸಿಗೆ ಹತ್ತಿಸಿ ಕಳಿಸಿದರು. ಗಂಡ ಆಮೇಲೆ ದಪ್ಪಗಾಗಿ ಇನ್ನೊಂದು ಮದುವೆಯಾದ.

ಅಜ್ಜಿ ಸಾಯುವ ಮೊದಲು ಹರಳಿನ ಔಷಧಿಯನ್ನು ಅಕ್ಕನಿಗೆ ಕೊಟ್ಟು ಹೋದಳು. ಕಿಡ್ನಿಯಲ್ಲಿ ಹರಳಾಗಿ ಉಚ್ಚೆ ಕಟ್ಟಿ ಒದ್ದಾಡುವವರಿಗೆ ಅದು. ರವಿವಾರ ಬೆಳಿಗ್ಗೆ ತುರ್ವಿಹಾಳ, ವಳಕಮದಿನ್ನಿ ಕಡೆಯಿಂದ, ಕಾಲುವೆ ನೀರಿಗೆ ವಲಸೆ ಬಂದವರು ನೆಲೆಸಿದ, ತೆಲುಗು ಮಾತಾಡುವ ಕ್ಯಾಂಪುಗಳಿಂದ, ಗದ್ದೆಯಲ್ಲಿ ಬಿಸಿಲಿಗೆ ಬೆನ್ನು ಕೊಟ್ಟು ದುಡಿದವರು ಸೊಂಟ ಹಿಡಿದುಕೊಂಡು ನಮ್ಮ ಅಂಗಳಕ್ಕೆ ಬರುತ್ತಿದ್ದರು. ಅಕ್ಕ ಮೂರು ರವಿವಾರ ಕುಡಿಸುತ್ತಿದ್ದಳು, ನಾಲ್ಕನೆಯದಕ್ಕೆ ಬಂದರೆ ಇಲ್ಲ ಎನ್ನುತ್ತಿದ್ದಳು. ದುಡ್ಡು ಮುಟ್ಟುತ್ತಿರಲಿಲ್ಲ. ಗಿಡದ ಹೆಸರನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಹೇಳಿದರೆ ಕೈಗುಣ ಹೋಗುತ್ತದೆ ಎಂದು ಅಜ್ಜಿ ಕಟ್ಟು ಹಾಕಿದ್ದಳು. ಬೇರು ಕೀಳಲು ನಸುಕಿನಲ್ಲಿ ಒಬ್ಬಳೇ ಹೋಗಿ, ಒಣಗಿಸಿ, ಹುರಿದು, ಕುಟ್ಟಿ ಪುಡಿ ಮಾಡಿದ ಮೇಲೆಯೇ ಹೊರಗೆ ತರುತ್ತಿದ್ದಳು. ಆ ಪುಡಿಯನ್ನು ನೋಡಿ ಗಿಡದ ಗುರುತು ಹಿಡಿಯುವುದು ನನ್ನ ಓದಿನಿಂದಲೂ ಆಗಲಿಲ್ಲ.

ಸರ್‌ಗೆ ಈ ಸುದ್ದಿ ಹೇಳಿದವನು ನಾನೇ. ಕೇಳಿದ ತಕ್ಷಣ ಅವರು ಜೀಪು ಹಿಡಿದು ನನ್ನ ಜೊತೆ ಸಂತೆಕಲ್ಲೂರಿಗೆ ಬಂದರು. ಅಕ್ಕ ಸೆರಗು ಸರಿಮಾಡಿಕೊಂಡು, ಕಂಬಳಿ ಹಾಸಿ, ನೀರು ತಂದಿಟ್ಟಳು. ಸರ್ ಬಹಳ ಗೌರವದಿಂದ ಕೈ ಮುಗಿದು ಒಂದೇ ಉಸಿರಿಗೆ ಹೇಳಿದರು.

“ನಿಮ್ಮ ಮದ್ದಿನ ಬಗ್ಗೆ ತುಂಬ ಕೇಳಿದ್ದೇನೆ ಅಮ್ಮ. ಆ ಮದ್ದನ್ನು ಸ್ವಲ್ಪ ನಮಗೂ ಕೊಡಬೇಕು.”

ಅವರ ಕಡೆ ಔಷಧಿಗೆ ಮದ್ದು ಎಂದೇ ಅನ್ನುತ್ತಾರೆ, ಪಾಪ. ಅಕ್ಕ ಮುಖ ನೆಲಕ್ಕೆ ಹಾಕಿ ಒಳಗೆ ಹೋದವಳು ಹೊರಗೆ ಬರಲೇ ಇಲ್ಲ. ಸರ್ ತಮ್ಮಿಂದ ಏನು ತಪ್ಪಾಯಿತು ಎಂದು ಕೇಳಿದರು. ಜೀಪಿನಲ್ಲಿ ವಿವರಿಸಿ ಹೇಳಿದೆ. ಲಿಂಗಸುಗೂರು ಬರುವವರೆಗೂ ಅವರು ತಮ್ಮ ನಾಲಗೆಯನ್ನೇ ಬೈದುಕೊಂಡರು.

ಮುಂದಿನ ರವಿವಾರ ಒಬ್ಬನೇ ಹೋದೆ. ಅಕ್ಕ ರೊಟ್ಟಿ ಬಡಿಯುತ್ತಿದ್ದಳು. ನಾನು ಇಲಿ, ಕಿಡ್ನಿ, ಪರೀಕ್ಷೆ ಎಂದು ಏನೇನೋ ಹೇಳಿದೆ. ಇಲಿಗೂ ಹರಳಾಗುತ್ತವೇನು ಎಂದು ಕೇಳಿದಳು. ಹರಳಿನ ಮಾತಲ್ಲ, ಔಷಧಿಯಿಂದ ಕಿಡ್ನಿಗೆ ತೊಂದರೆ ಇದೆಯೋ ಇಲ್ಲವೋ ನೋಡುತ್ತೇವೆ ಎಂದೆ. ಅವಳ ಕೈ ಹಿಟ್ಟಿನ ಮೇಲೆ ನಿಂತಿತು. ಒಡಹುಟ್ಟಿದವನೂ ಅದನ್ನೇ ನೋಡುತ್ತೇನೆ ಎನ್ನುತ್ತಾನಲ್ಲ ಎಂದು ಅವಳಿಗೆ ಅನ್ನಿಸಿರಬೇಕು.

“ಮದ್ದಲ್ಲ ಅಂತ ಕಾಗದದಾಗ ಬಂದ್ರ ಯಾರೂ ಬಾಯಿ ತೆಗಿಯಂಗಿಲ್ಲಬೇ ಅಕ್ಕ,” ಎಂದೆ.

ಅವಳು ತಟ್ಟಿದ ರೊಟ್ಟಿಯನ್ನು ಹಂಚಿಗೆ ಹಾಕಿದಳು, ಮಗುಚಿದಳು, ತೆಗೆದಳು. ಆಮೇಲೆ ಎದ್ದು ಒಳಗಿನಿಂದ ಬಟ್ಟೆಯ ಗಂಟೊಂದನ್ನು ತಂದು ನನ್ನ ಮುಂದೆ ಇಟ್ಟಳು. ಚಿಟಿಕೆ ಪುಡಿ ತೆಗೆದು ನೀರಲ್ಲಿ ಕದಡಿ, ಅಂಗೈಗೆ ಒಂದು ಗುಟುಕು ಬಿಟ್ಟುಕೊಂಡು ನನ್ನ ಎದುರಿಗೇ ಕುಡಿದು ತೋರಿಸಿ, ಮತ್ತೆ ಗಂಟು ಕಟ್ಟಿ ಕೊಟ್ಟಳು. ಯಾರಿಗೆ ಔಷಧಿ ಕೊಟ್ಟರೂ ಅವಳು ಹೀಗೇ ಮಾಡುತ್ತಿದ್ದಳು. ಇಲಿಗೂ ಈ ಮರ್ಯಾದೆ ಏನು ಎಂದು ನಾನು ನಕ್ಕೆ, ಅವಳೂ ನಕ್ಕಳು.

ಹಾಗೆ ಬಾಟಲಿಯಲ್ಲಿ ಅಕ್ಕ ಶೆಡ್ಡಿಗೆ ಬಂದಳು. ಬಂದ ಮೇಲೆ ಅಲ್ಲಿನ ಮಾತೇ ಬದಲಾಯಿತು. ಅಕ್ಕ ಖಾಲಿಯಾಗುತ್ತ ಬಂದಳಾ, ಅಕ್ಕನನ್ನು ತಣ್ಣಗೆ ಇಟ್ಟಿದ್ದೀಯಾ, ಈ ಸಾಲಿನ ಇಲಿಗಳಿಗೆ ಅಕ್ಕ ಆಯಿತಾ ಎಂದು ಸರ್ ಮುಖ ಗಂಭೀರ ಮಾಡಿಕೊಂಡೇ ಕೇಳುತ್ತಿದ್ದರು. ಇಡೀ ದಿನ ಯಾರೂ ಮಾತಾಡಿಸದ ನನಗೆ ಆ ಒಂದು ಶಬ್ದ ಕಿವಿಗೆ ಬಿದ್ದರೆ ಮನೆಯಲ್ಲಿ ಇದ್ದಂತೆ ಆಗುತ್ತಿತ್ತು. ಸರ್ ಇಲ್ಲದಾಗ ಬಾಟಲಿಗೆ ‘ಬರ್ತೀನಬೇ’ ಎಂದು ಹೇಳಿ ಬೀಗ ಹಾಕಿದ್ದೂ ಉಂಟು. ಹುಚ್ಚು ಎಂದರೆ ಹುಚ್ಚೇ.

ಪರೀಕ್ಷೆ ಸರಳ. ಇಲಿಗಳನ್ನು ಮೂರು ಪಾಲು ಮಾಡಿದೆವು. ಒಂದಕ್ಕೆ ಬರೀ ನೀರು. ಇನ್ನೊಂದಕ್ಕೆ ಅಕ್ಕ ರೋಗಿಗಳಿಗೆ ಕೊಡುವ ಹಾಗೆ ನಡುವೆ ಬಿಡುವು ಕೊಟ್ಟು ಸ್ವಲ್ಪ ಕಾಲ ಮಾತ್ರ. ಮೂರನೆಯದಕ್ಕೆ ಗುಟುಕು ಗುಟುಕಾಗಿ, ಆದರೆ ಬಿಡದೆ ತಿಂಗಳುಗಟ್ಟಲೆ. ಈ ಮೂರನೆಯ ಪಾಲು ಯಾಕೆ, ಇಷ್ಟು ಕಾಲ ಯಾವ ಮನುಷ್ಯ ಕುಡಿಯುತ್ತಾನೆ ಎಂದು ನಾನು ಕೇಳಿದ್ದೆ. ಯಾರೂ ಕುಡಿಯಲಿಕ್ಕಿಲ್ಲ, ಆದರೂ ಪದ್ಧತಿ ಪದ್ಧತಿಯೇ ಎಂದು ಸರ್ ಹೇಳಿದ್ದರು. ಕಿಡ್ನಿ ಸೋಸಿ ಹೊರಗೆ ಹಾಕಬೇಕಾದ ಕಸ ರಕ್ತದಲ್ಲೇ ಉಳಿದಿದೆಯೋ, ಒಳಗೇ ಉಳಿಯಬೇಕಾದ ಸತ್ವ ಉಚ್ಚೆಯಲ್ಲಿ ಹೋಗುತ್ತಿದೆಯೋ, ಇವೆರಡನ್ನು ನೋಡಿದರೆ ಕಿಡ್ನಿಯ ಹಣೆಬರಹ ತಿಳಿಯುತ್ತದೆ.

ಸ್ವಲ್ಪ ಕಾಲ ಕುಡಿದ ಇಲಿಗಳು ನೀರು ಕುಡಿದ ಇಲಿಗಳಷ್ಟೇ ಗಟ್ಟಿಮುಟ್ಟಾಗಿದ್ದವು. ಅವುಗಳ ಕಿಡ್ನಿಯಲ್ಲಿ ಒಂದು ಗೀರೂ ಇರಲಿಲ್ಲ. ಬಿಡದೆ ಕುಡಿದವು ಮಾತ್ರ ಸುಸ್ತಾದವು. ರಕ್ತದಲ್ಲಿ ಕಸ ಏರಿತ್ತು, ಕೊಯ್ದು ನೋಡಿದರೆ ಕಿಡ್ನಿ ಬಿಳಿಚಿಕೊಂಡಿತ್ತು. ನಾನು ಗಾಬರಿಯಾಗಿ ಸರ್ ಮುಖ ನೋಡಿದೆ. ಗಾಬರಿ ಯಾಕೆ ಮಾರಾಯ, ನಿಮ್ಮಕ್ಕ ಮೂರು ವಾರಕ್ಕಿಂತ ಹೆಚ್ಚು ಕೊಡುವುದೇ ಇಲ್ಲವಲ್ಲ, ರೋಗಿಗಳಿಗೆ ಏನೂ ಆಗುವುದಿಲ್ಲ ಎಂದರು. ಅಜ್ಜಿ ಹಾಕಿದ ಮೂರು ರವಿವಾರದ ಕಟ್ಟಿಗೆ ನನಗೆ ಆಗ ಕೈ ಮುಗಿಯಬೇಕು ಎನ್ನಿಸಿತು.

ಆ ರವಿವಾರ ಇಲಿಗಳಿಗೆ ಬೇಗ ಬೇಗ ಕುಡಿಸಿ ಮೊದಲ ಬಸ್ಸಿಗೆ ಹೋದೆ. ಅಕ್ಕ ಅಂಗಳ ಸಾರಿಸುತ್ತಿದ್ದಳು.

“ಮದ್ದಲ್ಲಬೇ,” ಎಂದೆ.

“ಕಾಗದದಾಗ ಬರದಾರೇನು?”

“ಬರದಾರ.”

ಅವಳು ಸಗಣಿಯ ಕೈಯನ್ನು ಹಾಗೇ ಹಿಡಿದುಕೊಂಡು ನಿಂತಳು. ಕಣ್ಣೀರು ಒರೆಸಲು ಕೈ ಬರುವಂತಿರಲಿಲ್ಲ, ಭುಜಕ್ಕೆ ಮುಖ ಉಜ್ಜಿಕೊಂಡಳು. ಅತ್ತೆಮನೆಯಿಂದ ಬಂದ ದಿನವೂ ಅವಳು ಅತ್ತದ್ದನ್ನು ನಾನು ನೋಡಿರಲಿಲ್ಲ. ನನಗೆ ಎಷ್ಟು ಸಂತೋಷವಾಯಿತು ಎಂದರೆ, ಅಷ್ಟು ವರ್ಷ ಇಲಿಗಳ ನಡುವೆ ಕಳೆದದ್ದು ಸಾರ್ಥಕವಾಯಿತು ಎನ್ನಿಸಿತು.

ಅಷ್ಟರಲ್ಲಿ ಜನ ಬರತೊಡಗಿದರು. ನಾನು ಗೋಡೆಗೆ ಒರಗಿ ಕೂತು ನೋಡುತ್ತಿದ್ದೆ. ಅಕ್ಕ ಪಾತ್ರೆಯಲ್ಲಿ ಔಷಧಿ ಕದಡಿ ಮೊದಲನೆಯವನ ಮುಂದೆ ಬಂದಳು, ಅಂಗೈಗೆ ಒಂದು ಗುಟುಕು ಬಿಟ್ಟುಕೊಂಡು ಕುಡಿದಳು, ಆಮೇಲೆ ಅವನಿಗೆ ಬಟ್ಟಲು ಕೊಟ್ಟಳು. ಎರಡನೆಯವಳ ಮುಂದೆ ಹಾಗೇ. ಕ್ಯಾಂಪಿನಿಂದ ಬಂದ ಮುದುಕನೊಬ್ಬ ಬಟ್ಟಲನ್ನು ಅನುಮಾನದಿಂದ ನೋಡಿದ್ದಕ್ಕೆ ಅವನಿಗಾಗಿ ಇನ್ನೊಂದು ಗುಟುಕು ಹೆಚ್ಚೇ ಕುಡಿದಳು. ಅಜ್ಜಿ ಹೀಗೆ ಕುಡಿಯುತ್ತಿರಲಿಲ್ಲ. ಇದು ಅಕ್ಕ ಅತ್ತೆಮನೆಯಿಂದ ಬಂದ ಮೇಲೆ ತಾನೇ ಹಾಕಿಕೊಂಡ ಪದ್ಧತಿ. ಬಂದ ಪ್ರತಿಯೊಬ್ಬರಿಗೂ ಒಂದು ಗುಟುಕು, ಪ್ರತಿ ರವಿವಾರ, ವರ್ಷಗಟ್ಟಲೆ.

ಮೂರನೆಯ ಪಾಲಿನ ಇಲಿ ನನ್ನ ಕಣ್ಣ ಮುಂದೆ ಸೀರೆ ಉಟ್ಟುಕೊಂಡು ಓಡಾಡುತ್ತಿತ್ತು. ಅಷ್ಟು ಕಾಲ ಯಾವ ಮನುಷ್ಯ ಕುಡಿಯುತ್ತಾನೆ ಎಂದು ಕೇಳಿದ್ದೆನಲ್ಲ, ಕುಡಿಯುವವಳು ನನ್ನನ್ನು ಎತ್ತಿ ಆಡಿಸಿದವಳು. ಅವಳ ಪಾದ ನೋಡಿದೆ. ಬಾತ ಚರ್ಮದಲ್ಲಿ ಚಪ್ಪಲಿಯ ಪಟ್ಟಿ ಮೂಡಿದ ಗುರುತು ಹಾಗೇ ಉಳಿದಿತ್ತು, ಕಿಡ್ನಿ ಸೋತವರ ಪಾದ ಹೀಗೇ ಬಾಯುತ್ತದೆ. ಇತ್ತೀಚೆಗೆ ಚಪ್ಪಲಿ ಬಿಗಿಯಾಗುತ್ತಿವೆ, ಮಸ್ಕಿ ಸಂತೆಯಲ್ಲಿ ದೊಡ್ಡವು ಕೊಂಡರಾಯಿತು ಎಂದು ಅವಳು ಹಿಂದೊಮ್ಮೆ ಹೇಳಿದ್ದಳು.

ಜನ ಹೋದ ಮೇಲೆ ಎಲ್ಲವನ್ನೂ ಹೇಳಿದೆ. ಮಂದಿಗೆ ಕೆಡುಕಿಲ್ಲ, ಕೆಡುಕು ಇರುವುದು ನಿನಗೊಬ್ಬಳಿಗೆ, ಔಷಧಿ ಬೇಕಾದರೆ ಕೊಡು, ಕುಡಿಯುವುದನ್ನು ಬಿಡು ಎಂದು ಗೋಗರೆದೆ. ಅವಳು ಸಮಾಧಾನದಿಂದ ಕೇಳಿಸಿಕೊಂಡಳು.

“ನಾ ಕುಡೀಲಾರದ್ದು ಮಂದಿಗೆ ಹೆಂಗ ಕುಡಸ್ಲಿ?” ಎಂದಳು.

ಈಗ ಕಾಗದ ಇದೆಯಲ್ಲ ಎಂದೆ. ಗದ್ದೆಯಿಂದ ಬಂದವರಿಗೆ ಕಾಗದ ಓದಲು ಬರುತ್ತದೇನು ಎಂದು ಕೇಳಿದಳು. ನಿನ್ನ ಬದಲಿಗೆ ನಾನೇ ಪ್ರತಿ ರವಿವಾರ ಬಂದು ಮೊದಲು ಕುಡಿಯುತ್ತೇನೆ ಎಂದದ್ದಕ್ಕೆ, ಸಣ್ಣವನಿದ್ದಾಗ ಬೈಯುತ್ತಿದ್ದ ಹಾಗೆಯೇ ಬೈದಳು. ರಕ್ತ ಪರೀಕ್ಷೆಗೆ ಸಿಂಧನೂರಿಗೆ ಬರುವುದಕ್ಕೆ ಮಾತ್ರ, ಅದೂ ಬಹಳ ದಿನ ಕಾಡಿದ ಮೇಲೆ, ಒಪ್ಪಿದಳು.

ಸಿಂಧನೂರಿನ ಡಾಕ್ಟರು ಒಳ್ಳೆಯ ಮನುಷ್ಯ. ಮೊದಲು ನನ್ನನ್ನು ಹೊರಗೆ ಕರೆದು, ಆಮೇಲೆ ಅಕ್ಕನಿಗೂ ತಿಳಿಯುವ ಹಾಗೆ ಹೇಳಿದರು. ಎರಡೂ ಕಿಡ್ನಿಯ ಶಕ್ತಿ ಸಾಕಷ್ಟು ಕುಂದಿದೆ. ಹೋದದ್ದು ತಿರುಗಿ ಬರುವುದಿಲ್ಲ, ಆದರೆ ಇವತ್ತಿನಿಂದ ಆ ಬೇರು ನಿಲ್ಲಿಸಿ ಉಪ್ಪು ಕಡಿಮೆ ಮಾಡಿದರೆ ಉಳಿದದ್ದನ್ನು ಉಳಿಸಿಕೊಳ್ಳಬಹುದು. ಅಕ್ಕ ಕೇಳಿದ್ದು ಒಂದೇ ಮಾತು. ಔಷಧಿಗೆ ಬಂದವರ ಕಿಡ್ನಿಗೆ ಏನೂ ಆಗಿಲ್ಲ ತಾನೇ ಎಂದು. ಇಲ್ಲ ಎಂದು ನಾನು ಆಣೆ ಮಾಡಿದೆ.

ಮಸ್ಕಿಯ ಬಸ್ ನಿಲ್ದಾಣದಲ್ಲಿ ಇಳಿದು ಮುಂದಿನ ಬಸ್ಸಿಗೆ ಕಾಯುತ್ತಿದ್ದೆವು. ಮಧ್ಯಾಹ್ನದ ಬಿಸಿಲು. ಗುಡ್ಡದ ಬಂಡೆ ಕಾದು ನಿಂತಿತ್ತು. ಅಕ್ಕ ಕಟ್ಟೆಯ ಮೇಲೆ ಕಾಲು ಮಡಚಿ ಕೂತಿದ್ದಳು. ಅಲ್ಲಿಂದಲೇ ನನ್ನ ಅಂಗಿಯ ತೋಳು ಜಗ್ಗಿದಳು.

“ಅದರ ಹೆಸರು ಹೇಳ್ತೀನಿ, ಕೇಳು ತಮ್ಮಾ.”

“ಬ್ಯಾಡಬೇ. ಹೇಳಿದ್ರ ಕೈಗುಣ ಹೋಗ್ತೈತಿ ಅಂತೀಯಲ್ಲ.”

“ಹೋಗ್ಲಿ ಅಂತನ ಹೇಳಾಕತ್ತೀನಿ. ಗುಣ ಇಟ್ಕೊಂಡು ಬಂದವ್ರಿಗೆ ಇಲ್ಲ ಅನ್ನಾಕ ನನಗ ಬಾಯಿ ಬರಂಗಿಲ್ಲ. ಕೊಟ್ರ ಮೊದಲ ನಾ ಕುಡೀಬೇಕು.”

ನನ್ನ ಕಿವಿಯ ಹತ್ತಿರ ಬಾಯಿ ತಂದು ಹೇಳಿದಳು. ಒಂದಲ್ಲ, ಎರಡು ಗಿಡ. ಎರಡೂ ಹೊಲದ ಬದುವಿನಲ್ಲಿ ಬೆಳೆಯುವಂಥವು. ಹೇಳಿ ಮುಗಿಸಿ, ಅಂಗೈಯನ್ನು ಸೀರೆಗೆ ಒರೆಸಿಕೊಂಡು, ಬಸ್ಸು ಇನ್ನೂ ಯಾಕೆ ಬರಲಿಲ್ಲ ಎಂದು ಕೇಳಿದಳು.

ವರ್ಷಗಳಿಂದ ಆ ಹೆಸರಿಗಾಗಿ ನಾನು ಬಾಯಿ ಬಾಯಿ ಬಿಡುತ್ತಿದ್ದೆ. ಗಿಡದ ಹೆಸರಿಲ್ಲದೆ ನಮ್ಮ ಬರಹವನ್ನು ಯಾವ ಪತ್ರಿಕೆಯೂ ತೆಗೆದುಕೊಳ್ಳುತ್ತಿರಲಿಲ್ಲ, ನನ್ನ ಪದವಿ ಅದಕ್ಕೇ ನಿಂತುಹೋಗಿತ್ತು. ಈಗ ಸಿಕ್ಕಿತು. ಸಿಕ್ಕ ಕ್ಷಣ ನನಗೆ ಅನ್ನಿಸಿದ್ದು ಇಷ್ಟೇ, ಇದನ್ನು ಕೇಳದ ಹಾಗೆ ಮಾಡಲು ಬರುವುದಿದ್ದರೆ ಮಾಡಿಬಿಡುತ್ತಿದ್ದೆ.

ಆದರೆ ಅದೇ ಬೇರನ್ನು ಇನ್ನೂ ಎಷ್ಟು ಊರಲ್ಲಿ ಎಷ್ಟು ಜನ ತಿಂಗಳುಗಟ್ಟಲೆ ಕುಡಿಯುತ್ತಾರೋ ಯಾರಿಗೆ ಗೊತ್ತು. ಆದ್ದರಿಂದ ಮರುದಿನ ಸರ್‌ಗೆ ಹೇಳಿದೆ. ಇನ್ನು ಧೈರ್ಯವಾಗಿ ಬರೆಯಬಹುದು ಮಾರಾಯ ಎಂದು ಅವರು ನನ್ನ ಬೆನ್ನು ತಟ್ಟಿದರು. ಒದ್ದೆ ಬಟ್ಟೆ ತಂದು ಬಾಟಲಿಯ ಮೇಲಿನ ಕಾಗದವನ್ನು ನೆನೆಸಿ, ಉಗುರಿನಿಂದ ಕೆರೆದು ತೆಗೆದು, ಎರಡು ಉದ್ದದ ಹೆಸರುಗಳನ್ನು ಚೆಂದವಾಗಿ ಬರೆದು ಅಂಟಿಸಿದರು. ಅವರದೇನೂ ತಪ್ಪಿರಲಿಲ್ಲ. ಅವತ್ತಿನಿಂದ ಶೆಡ್ಡಿನಲ್ಲಿ ಅಕ್ಕ ಎಂಬ ಶಬ್ದ ಕೇಳಿಸಲಿಲ್ಲ. ಸಂಜೆ ಬೀಗ ಹಾಕುವಾಗ ಕಪಾಟಿನ ಕಡೆ ನೋಡಿದೆ, ಹೇಳಿ ಹೋಗಲು ಯಾರೂ ಇರಲಿಲ್ಲ.

ಊರಲ್ಲಿ ಅಕ್ಕ ಬಂದವರಿಗೆಲ್ಲ “ನನ್ನ ಕೈಗುಣ ಹೋಗ್ಯಾದ, ಸಿಂಧನೂರು ದವಾಖಾನಿಗೆ ಹೋಗ್ರಿ” ಎಂದು ಹೇಳಿ ಕಳಿಸಿದಳು. ಕೆಲವರು ಕಾಲಿಗೆ ಬಿದ್ದರು, ಕೆಲವರು ಬೈದುಕೊಂಡು ಹೋದರು. ಒಂದು ಬೇಸಿಗೆ ಕಳೆಯುವಷ್ಟರಲ್ಲಿ ಬರುವುದು ನಿಂತಿತು. ಅವಳ ಪಾದದ ಬಾವು ಇಳಿಯಿತು. ರಕ್ತದ ಪರೀಕ್ಷೆಯಲ್ಲಿ ಕಸ ಮುಂದೆ ಏರಲಿಲ್ಲ. ಡಾಕ್ಟರು ಹೇಳಿದ ಹಾಗೆ ಉಳಿದದ್ದು ಉಳಿಯಿತು.

ನಾನು ರವಿವಾರ ಹೋಗುವುದನ್ನು ಬಿಡಲಿಲ್ಲ. ಗುಂಪು ಕೂರುತ್ತಿದ್ದ ಅಂಗಳದಲ್ಲಿ ಕೋಳಿ ಓಡಾಡುತ್ತಿದ್ದವು. ಆದರೂ ಅಕ್ಕ ಬೆಳಿಗ್ಗೆಯೇ ಅಂಗಳ ಸಾರಿಸಿ, ತಲೆ ಬಾಚಿಕೊಂಡು, ಬಾಗಿಲಲ್ಲಿ ಕೂತಿರುತ್ತಿದ್ದಳು. ನಾನು ಬಸ್ಸಿಳಿದು ಬರುವುದನ್ನು ದೂರದಿಂದ ನೋಡಿ, ರೋಗಿ ಯಾರೋ ಬಂದರು ಎಂದು ಒಮ್ಮೆ ಎದ್ದು ನಿಂತವಳು, ನಾನೆಂದು ಗೊತ್ತಾಗಿ ಮತ್ತೆ ಕೂತಳು. ಲಿಂಗಸುಗೂರಿನ ನನ್ನ ಖೋಲಿಯ ಒಂಟಿತನವನ್ನು ತಂದು ಅವಳ ಅಂಗಳಕ್ಕೂ ಹಾಸಿದ ಹಾಗಾಯಿತು ಎಂದು ನನಗೆ ದುಃಖವಾಯಿತು.

ಅವತ್ತು ಅವಳು ಒಳಗೆ ಹೋಗಿ ಚಹಾ ಕುದಿಸಿದಳು. ಬಟ್ಟಲಿಗೆ ಸೋಸಿ ನನ್ನ ಮುಂದೆ ತಂದಳು. ಕೊಡುವ ಮೊದಲು ಬಟ್ಟಲನ್ನು ವಾಲಿಸಿ, ಅಂಗೈಗೆ ಒಂದು ಗುಟುಕು ಬಿಟ್ಟುಕೊಂಡಳು. ಬಿಸಿ ತಾಗಿ ಕೈ ಒದರಬೇಕಿತ್ತು, ಒದರಲಿಲ್ಲ. ನನ್ನ ಕಣ್ಣನ್ನೇ ನೋಡುತ್ತ ಅದನ್ನು ಕುಡಿದು, ಬಟ್ಟಲನ್ನು ನನ್ನ ಕೈಗೆ ಕೊಟ್ಟು, “ಕುಡಿ, ಏನೂ ಆಗಂಗಿಲ್ಲ,” ಎಂದಳು.